ಕೂಸಿನ ತೂಕದ ದಿಂಬು

ಫೋನು ಬಂದಾಗ ಹತ್ತಿಯಕ್ಕ ಮೂರು ಹಾಸಿಗೆಗಳ ಮೇಲೆ ಮಲಗಿದ್ದಳು.

ಮಗಳು ಅವಳಿ ಹೆತ್ತಿದ್ದಳು. ಒಂದು ಹೆಣ್ಣು, ಒಂದು ಗಂಡು. ಮೂವರೂ ಆರೋಗ್ಯ. ಅಳಿಯ ಇಷ್ಟು ಹೇಳಿ ಮುಗಿಸುವುದರೊಳಗೆ ಹತ್ತಿಯಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೊರಗೆ ಓಡಿ ಇಡೀ ಬೀದಿಗೆ ಕೂಗಿ ಹೇಳಬೇಕು ಅನ್ನಿಸಿತು. ದಿಢೀರನೆ ಏಳಲು ಹೋದಳು. ಸೊಂಟದಲ್ಲಿ ಚಳಕ್ ಎಂದಿತು. ಅಲ್ಲೇ ಹಿಂದಕ್ಕೆ ಬಿದ್ದಳು. ಮೂರು ಹಾಸಿಗೆಗಳೂ ಸೇರಿ ಅವಳನ್ನು ಒಳಗೆ ಎಳೆದುಕೊಂಡವು.

ಬೀದಿಗೆ ಸುದ್ದಿ ಹೇಳುವ ಭಾಗ್ಯ ಗಂಡನಿಗೆ ಹೋಯಿತು.

ಬೀದಿಯ ತಿರುವಿನಲ್ಲಿ ಅವರ ಹಾಸಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಗಂಡ ಅರಳೆ ಹಿಂಜಿ ಗವಸಿಗೆ ತುಂಬುತ್ತಾನೆ. ಹೆಂಡತಿ ದಬ್ಬಳ ಹಿಡಿದು ಹೊಲಿಯುತ್ತಾಳೆ. ಇಬ್ಬರ ತಲೆಯಲ್ಲೂ ನಾಲ್ಕು ಎಳೆ ಅರಳೆ ಯಾವಾಗಲೂ ಇರುವುದರಿಂದ ಯಾವುದು ನರೆ, ಯಾವುದು ಹತ್ತಿ ಎಂದು ಯಾರಿಗೂ ಗೊತ್ತಿಲ್ಲ. ಬೀದಿಯವರು ಅವಳನ್ನು ಹತ್ತಿಯಕ್ಕ ಎಂದರು. ಅಕ್ಕನ ಗಂಡ ಭಾವನಾಗಲೇಬೇಕಲ್ಲ, ಅವನು ಹತ್ತಿಭಾವನಾದ.

ಸೊಂಟ ಹಿಡಿದದ್ದು ಅರಳೆ ಮೂಟೆ ಎಳೆಯುವಾಗ. ಮೂಟೆ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಬಗ್ಗಿ, ಬಗ್ಗಿದಲ್ಲೇ ತಿರುಗಿ, ಜಗ್ಗಿದಳು. ಮೂಟೆ ಬರಲಿಲ್ಲ, ನೋವು ಬಂತು. ಅವತ್ತೇ ಒಂದು ಹಾಸಿಗೆ ಹೊಲಿದು ಕೊಡಬೇಕಿತ್ತು. ನೆಲದ ಮೇಲೆ ಕೂತು, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಅದನ್ನೂ ಮುಗಿಸಿದಳು. ಮರುದಿನ ಬೆಳಿಗ್ಗೆ ಏಳಲು ಗೋಡೆ ಹಿಡಿಯಬೇಕಾಯಿತು.

ಸೊಂಟನೋವು ಎಂದರೆ ಬೀದಿಯಲ್ಲಿ ಎಲ್ಲರೂ ವೈದ್ಯರೇ. ಎದುರಿನ ಇಸ್ತ್ರಿಯವನು ಹಗಲೂ ರಾತ್ರಿ ಬೆಲ್ಟು ಕಟ್ಟಿಕೋ ಎಂದ. ಅವನ ಹೆಂಡತಿ ಎಣ್ಣೆ ತಂದಳು. ಔಷಧಿ ಅಂಗಡಿಯವನು ಚೀಟಿ ಕೇಳದೆಯೇ ಮಾತ್ರೆ ಕೊಟ್ಟ. ಮಾತ್ರೆ ತಿಂದರೆ ನೋವು ಮಲಗುತ್ತಿತ್ತು, ಹೊಟ್ಟೆಯ ಉರಿ ಏಳುತ್ತಿತ್ತು. ಯಾರೋ ಹೇಳಿದರೆಂದು ಸ್ಕ್ಯಾನ್ ಕೂಡ ಮಾಡಿಸಿದರು. ಬೆನ್ನುಮೂಳೆಗಳ ನಡುವಿನ ತಟ್ಟೆ, ಅಂದರೆ ಡಿಸ್ಕು, ಸವೆದಿದೆ ಎಂದು ಬಂತು. ಆ ಮಾತು ಹತ್ತಿಯಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಸವೆದ ಚಪ್ಪಲಿಯನ್ನು ಜನ ಏನು ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು.

ಹತ್ತಿಭಾವನ ಮದ್ದು ಬೇರೆ. ಅವನ ಪ್ರಕಾರ ಲೋಕದ ಅರ್ಧ ಕಾಯಿಲೆಗೆ ಕಾರಣ ಕೆಟ್ಟ ಹಾಸಿಗೆ. ಮೊದಲು ಹೊಸ ಅರಳೆಯ ಮೆತ್ತನೆಯ ಹಾಸಿಗೆ ಮಾಡಿದ. ನೋವು ಕಡಿಮೆಯಾಗಲಿಲ್ಲ. ಅರಳೆ ಸಾಲದು ಎಂದು ಅದರ ಮೇಲೆ ಮತ್ತೊಂದು ಹಾಕಿದ. ಆಮೇಲೆ ಮೂರನೆಯದು. ಅಂಥದ್ದನ್ನು ತನ್ನ ಜೀವಮಾನದಲ್ಲೇ ಮಾಡಿಲ್ಲ ಎಂದು ತಾನೇ ಹೇಳಿಕೊಂಡ. ಮಂಚ ಹತ್ತಲು ಮಣೆ ಇಡಬೇಕಾಯಿತು. ಇಸ್ತ್ರಿಯವನು ಇಣುಕಿ ನೋಡಿ, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಈ ಲೆಕ್ಕದಲ್ಲಿ ಅಕ್ಕ ಪಕ್ಕದೂರಿಗೇ ಚಾಚಬಹುದು ಎಂದ.

ಬಗ್ಗಬೇಡ, ನಡೆಯಬೇಡ, ಕೊಡ ಮುಟ್ಟಬೇಡ. ಹತ್ತಿಭಾವ ಎಲ್ಲವನ್ನೂ ಪ್ರೀತಿಯಿಂದಲೇ ಹೇಳುತ್ತಿದ್ದ. ಅಡುಗೆ ಅವನೇ ಮಾಡಿದ, ಬಟ್ಟೆ ಅವನೇ ಒಗೆದ. ವಾರಗಳು ಹೋದವು. ಅವಳು ಪರದೆಯಾಚೆಯ ಹಿಂಜುವ ಸದ್ದು ಕೇಳುತ್ತಾ ಸೂರು ನೋಡುತ್ತಾ ಮಲಗಿದಳು. ನೋವು ಕಡಿಮೆಯಾಗಲಿಲ್ಲ. ನಿದ್ದೆ ಕಡಿಮೆಯಾಯಿತು.

ಅಂಥ ಹೊತ್ತಿನಲ್ಲಿ ಅವಳಿ ಕೂಸುಗಳ ಸುದ್ದಿ. ಕೂಸುಗಳಿಗೆ ಮೂರು ತಿಂಗಳು ತುಂಬಿದ ಮೇಲೆ ಅಮ್ಮನ ಹತ್ತಿರ ಬಂದು ಇದ್ದು, ರಜೆ ಮುಗಿದ ಮೇಲೆ ಕೆಲಸಕ್ಕೆ ಹೋಗುವುದು ಮಗಳ ಲೆಕ್ಕಾಚಾರ. ಹತ್ತಿಭಾವನಿಗೂ ಖುಷಿಯೇನು ಕಡಿಮೆ ಇರಲಿಲ್ಲ. ಆದರೆ ಹಾಸಿಗೆ ಹಿಡಿದ ಹೆಂಡತಿಯ ಮುಖ ನೋಡಿ ಅವನು ಮೆಲ್ಲಗೆ, ಸದ್ಯಕ್ಕೆ ಬರಬೇಡ ಅಂತ ಹೇಳಿಬಿಡೋಣ ಎಂದ. ಅವಳು ಬಂದರೆ ನೀನು ಸುಮ್ಮನಿರುವವಳಲ್ಲ, ಕೂಸು ಎತ್ತುತ್ತೀಯ, ಇರುವ ಸೊಂಟವೂ ಹೋಗುತ್ತದೆ ಎಂದ.

ಹತ್ತಿಯಕ್ಕ ಮೊಣಕೈ ಊರಿ ತಲೆ ಎತ್ತಿದಳು.

"ಕೂಸನ್ನ ಎತ್ತಿಕೊಳ್ಳೋಕಾಗದ ಅಜ್ಜಿ ಅಂದ್ರೆ ಏನ್ರೀ ಅದು? ಗೋಡೆ ಮೇಲಿನ ಫೋಟೋನಾ?"

"ಹಾಗಲ್ಲ ಕಣೇ."

"ಸ್ವಲ್ಪ ದಿನ ತಡೀರಿ. ಈಗಲೇ ಬೇಡ ಅನ್ನಬೇಡಿ."

ಅವನು ಆಗಲಿ ಎಂದ. ಆದರೆ ಅವನ ಕಣ್ಣು ಫೋನಿನ ಕಡೆಗೇ ಹೋಗುತ್ತಿತ್ತು.

ಆ ವಾರದಲ್ಲೇ ಒಬ್ಬರು ಅಂಗಡಿಗೆ ಬಂದರು. ಓಡುವವರ ಶೂ, ಎತ್ತಿ ಕಟ್ಟಿದ ಕೂದಲು. ಸರ್ಕಾರಿ ಆಸ್ಪತ್ರೆಯಲ್ಲಿ ಮೈಕೈ ನೋವಿನವರಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ. ವ್ಯಾಯಾಮದ ಕೋಣೆಗೆ ಹಾಸುವುದಕ್ಕೆ ಹಾಸಿಗೆ ಬೇಕಿತ್ತು. ಬೆರಳು ದಪ್ಪ ಸಾಕು, ಗಟ್ಟಿಯಾಗಿರಲಿ ಎಂದರು. ಹತ್ತಿಭಾವನಿಗೆ ಅವಮಾನವಾಯಿತು.

"ಮೇಡಂ, ನೀವು ಕೇಳ್ತಿರೋದು ಹಾಸಿಗೆ ಅಲ್ಲ, ಕರವಸ್ತ್ರ."

"ನಮಗೆ ಮಲಗೋಕಲ್ಲ ಯಜಮಾನ್ರೇ, ಏಳೋಕೆ ಬೇಕು."

ಪರದೆಯ ಹಿಂದೆ ಹತ್ತಿಯಕ್ಕನ ಕಿವಿ ನೆಟ್ಟಗಾಯಿತು. ಏಳೋಕೆ ಹಾಸಿಗೆ ಎಂಬ ಮಾತನ್ನು ಆ ಮನೆಯಲ್ಲಿ ಇದುವರೆಗೆ ಯಾರೂ ಆಡಿರಲಿಲ್ಲ. ಮೇಡಂ, ಒಂದ್ನಿಮಿಷ ಒಳಗೆ ಬನ್ನಿ ಎಂದು ಕೂಗಿದಳು.

ಮೇಡಂ ಪರದೆ ಸರಿಸಿದರು. ಮೂರು ಹಾಸಿಗೆಗಳ ತುದಿಯಲ್ಲಿ ಒಂದು ಮುಖ ಮಾತ್ರ ಕಾಣುತ್ತಿತ್ತು. ಅಮ್ಮ, ಅಲ್ಲಿಂದ ಇಳಿಯೋದಕ್ಕೆ ಏಣಿ ಇಟ್ಟಿದ್ದೀರಾ ಎಂದು ಕೇಳಿದರು. ಹತ್ತಿಯಕ್ಕ ಬಹಳ ದಿನಗಳ ಮೇಲೆ ನಕ್ಕಳು. ನಕ್ಕರೆ ಸೊಂಟ ನೋಯುತ್ತದೆ ಎಂದುಕೊಂಡಿದ್ದಳು. ಅಷ್ಟೇನೂ ನೋಯಲಿಲ್ಲ.

ನಗು ಮುಗಿದ ಮೇಲೆ ಮೇಡಂ ಒಂದೊಂದಾಗಿ ಕೇಳಿದರು. ಬಿದ್ದಿದ್ದೀರಾ? ಜ್ವರ ಬರುತ್ತದಾ? ಕಾರಣವಿಲ್ಲದೆ ತೂಕ ಇಳಿದಿದೆಯಾ? ಕಾಲಿನಲ್ಲಿ ಜೋಮು, ಶಕ್ತಿ ಇಲ್ಲದ ಹಾಗೆ ಆಗುವುದು ಇದೆಯಾ? ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗುತ್ತದಲ್ಲ? ಮೂತ್ರ ಕಟ್ಟುವುದು, ತಿಳಿಯದೆ ಹೋಗುವುದು? ಎಲ್ಲದಕ್ಕೂ ಇಲ್ಲ, ಸರಿಯಾಗಿದೆ ಎಂದೇ ಉತ್ತರ. ಇವುಗಳಲ್ಲಿ ಒಂದಿದ್ದರೂ ಈಗಲೇ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ ಎಂದರು ಮೇಡಂ. ಹೇಗೂ ಒಮ್ಮೆ ಬಂದು ತೋರಿಸಿ, ಆದರೆ ಅಲ್ಲಿಯವರೆಗೂ ಹೀಗೆ ಮಲಗಿರಬೇಡಿ, ಎದ್ದು ಸ್ವಲ್ಪ ಸ್ವಲ್ಪ ನಡೆಯಿರಿ.

"ತಟ್ಟೆ ಸವೆದಿದೆ ಅಂತ ಬರೆದಿದ್ದಾರೆ ಮೇಡಂ."

"ನಿಮ್ಮ ಕೂದಲೂ ನರೆತಿದೆ. ಅದಕ್ಕೆ ತಲೆ ಕೆಟ್ಟಿದೆ ಅಂತ ಅರ್ಥಾನಾ? ವಯಸ್ಸಾದ ಹಾಗೆ ಬೆನ್ನೂ ಒಳಗೆ ಸ್ವಲ್ಪ ನರೆಯುತ್ತೆ. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಲ್ಲೂ ಹೀಗೇ ಬರುತ್ತೆ."

ಇದು ಅರಳೆ, ನರೆಯಲ್ಲ ಎಂದು ಹತ್ತಿಯಕ್ಕ ತಲೆ ಮುಟ್ಟಿಕೊಂಡಳು. ಆದರೆ ಎದೆಯ ಮುಳ್ಳು ಒಂಚೂರು ಅಲುಗಿತು.

ಹತ್ತಿಭಾವ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ನೋವಿರುವವಳಿಗೆ ನಡೆ ಅನ್ನುವುದು ಕಾಲು ಮುರಿದವನಿಗೆ ಓಡು ಅಂದ ಹಾಗಾಯಿತು ಎಂದ. ಮುರಿದಿದ್ದರೆ ನಾನೇ ಮಲಗಿಸುತ್ತಿದ್ದೆ, ಇಲ್ಲಿ ಮುರಿದಿಲ್ಲ, ಬಿಗಿದಿದೆ ಎಂದರು ಮೇಡಂ. ನೋವು ಜೋರಾದಾಗ ಒಂದೆರಡು ದಿನ ಮೈ ಹಗುರ ಮಾಡಿಕೊಳ್ಳುವುದು ಸರಿ. ವಾರಗಟ್ಟಲೆ ಮಲಗಿದರೆ ಬೆನ್ನು ಹಿಡಿದು ನಿಲ್ಲಿಸುವ ಸ್ನಾಯುಗಳೇ ಸೊರಗುತ್ತವೆ. ಆಮೇಲೆ ಸಣ್ಣ ಕೆಲಸಕ್ಕೂ ನೋವು.

ಮೇಡಂ ಹೋದ ಮೇಲೆ ಹತ್ತಿಭಾವ, ಹಾಸಿಗೆ ಅಂಗಡಿಗೆ ಬಂದು ಮಲಗಬೇಡಿ ಅನ್ನುವ ಗಿರಾಕಿಯನ್ನು ಇವತ್ತೇ ನೋಡಿದ್ದು ಎಂದು ಗೊಣಗಿದ. ಆದರೂ ಮರುದಿನ ಹೆಂಡತಿಯ ಜೊತೆ ಆಸ್ಪತ್ರೆಗೆ ಹೋದ.

ಡಾಕ್ಟರು ಪರೀಕ್ಷೆ ಮಾಡಿದರು. ಹೊಟ್ಟೆ ಉರಿಸುವ ಮಾತ್ರೆ ನಿಲ್ಲಿಸಿದರು. ಬೇಕಾದಾಗ ಸ್ವಲ್ಪ ದಿನ ಮಾತ್ರ ತೆಗೆದುಕೊಳ್ಳಲು ಬೇರೆ ಬರೆದುಕೊಟ್ಟರು. ಆಪರೇಷನ್ ಬೇಕಾಗುವಂಥದ್ದೇನೂ ಕಾಣುವುದಿಲ್ಲ ಎಂದರು. ಅಲ್ಲಿಂದ ಫಿಸಿಯೋ ಮೇಡಂ ಕೋಣೆಗೆ. ಮೇಡಂ ಮೊದಲು ಕೇಳಿದ್ದು ಸೊಂಟವನ್ನಲ್ಲ. ನಿದ್ದೆ ಬರುತ್ತದಾ, ಯಾರ ಜೊತೆ ಮಾತಾಡುತ್ತೀರಿ, ಏನು ಚಿಂತೆ, ಕೆಲಸ ಮಾಡುವಾಗ ಹೇಗೆ ಕೂರುತ್ತೀರಿ. ಸೊಂಟ ತೋರಿಸಲು ಬಂದರೆ ಇಡೀ ಸಂಸಾರ ವಿಚಾರಿಸುತ್ತಾರಲ್ಲ ಎಂದು ಹತ್ತಿಭಾವ ಹೆಂಡತಿಯ ಕಿವಿಯಲ್ಲಿ ಹೇಳಿದ. ಅದು ಮೇಡಂಗೂ ಕೇಳಿಸಿತು.

"ಸೊಂಟ ಒಂದೇ ಬಂದಿಲ್ವಲ್ಲ ಯಜಮಾನ್ರೇ, ಇವರು ಪೂರ್ತಿ ಬಂದಿದ್ದಾರೆ. ನಿದ್ದೆಗೆಟ್ಟರೆ ನೋವು ದೊಡ್ಡದಾಗುತ್ತೆ. ಹೆದರಿಕೆಯಾದ್ರೆ ಮೈ ಬಿಗಿಯುತ್ತೆ, ಬಿಗಿದ್ರೆ ಮತ್ತೆ ನೋವು. ಒಂಟಿಯಾಗಿ ಸೂರು ನೋಡ್ತಾ ಮಲಗಿದ್ರೆ ನೋವಿಗೆ ಬೇರೆ ಕೆಲಸ ಏನಿರುತ್ತೆ?"

ಅವತ್ತು ಕಲಿತದ್ದು ಕಷ್ಟದ್ದೇನಲ್ಲ. ಮಲಗಿ ಮಂಡಿ ಮಡಚಿ, ಎರಡೂ ಮಂಡಿಗಳನ್ನು ಆ ಕಡೆ ಈ ಕಡೆ ನಿಧಾನಕ್ಕೆ ವಾಲಿಸುವುದು. ಸೊಂಟವನ್ನು ಮೆಲ್ಲಗೆ ಮೇಲೆತ್ತಿ ಇಳಿಸುವುದು. ಏಳುವಾಗ ಮಗ್ಗುಲಿಗೆ ತಿರುಗಿ, ಕೈ ಊರಿ, ಕಾಲು ಇಳಿಬಿಟ್ಟು ಏಳುವುದು. ಹೊಟ್ಟೆ ಉಬ್ಬುವಂತೆ ಉಸಿರೆಳೆದು ನಿಧಾನಕ್ಕೆ ಬಿಡುವುದು. ಬೇಕೆನಿಸಿದರೆ ಬಿಸಿನೀರಿನ ಶಾಖ. ಎಲ್ಲಕ್ಕಿಂತ ಹೆಚ್ಚಾಗಿ, ನಡಿಗೆ. ಇವತ್ತು ಇಸ್ತ್ರಿ ಅಂಗಡಿಯವರೆಗೆ, ನಾಳೆ ಇನ್ನೊಂದು ಮನೆಯಾಚೆಗೆ.

ಮನೆಗೆ ಬಂದ ಹತ್ತಿಯಕ್ಕನಿಗೆ ಕಾಲು ನೆಲದ ಮೇಲಿರಲಿಲ್ಲ. ಬೀದಿಯ ಕೊನೆಯವರೆಗೆ ನಡೆದುಬಿಟ್ಟಳು. ಮರಳಿ ಬಂದು ಕಸ ಗುಡಿಸಿದಳು. ಪಾತ್ರೆ ತಿಕ್ಕಿದಳು. ಎಷ್ಟೋ ದಿನಗಳಿಂದ ಕಾಡುತ್ತಿದ್ದ ಜೇಡರ ಬಲೆಯನ್ನು ಕುರ್ಚಿ ಹತ್ತಿ ತೆಗೆದಳು. ಮರುದಿನ ಎದ್ದರೆ ಸೊಂಟ ಮೊದಲಿಗಿಂತ ಬಿಗಿದಿತ್ತು.

ಹತ್ತಿಭಾವ ಜಗಳವಾಡಲಿಲ್ಲ. ಅವಳನ್ನು ಮತ್ತೆ ಮೂರು ಹಾಸಿಗೆಗಳ ಮೇಲೆ ಹತ್ತಿಸಿದ. ಬರಬೇಡ ಅಂತ ಸಂಜೆ ಮಗಳಿಗೆ ಹೇಳಿಬಿಡುತ್ತೇನೆ ಎಂದ. ಹತ್ತಿಯಕ್ಕ ಗೋಡೆಯ ಕಡೆ ತಿರುಗಿದಳು. ಈ ಸಲ ತಡೆಯಿರಿ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಮಧ್ಯಾಹ್ನ ಮೇಡಂ ತಮ್ಮ ತೆಳು ಹಾಸಿಗೆಗಳು ಎಲ್ಲಿಗೆ ಬಂದವು ಎಂದು ನೋಡಲು ಬಂದರು. ವಿಷಯ ಕೇಳಿ ಗಾಬರಿಯಾಗಲಿಲ್ಲ. ಇದು ಎಲ್ಲರೂ ಮಾಡುವ ತಪ್ಪು ಎಂದರು. ವಾರಗಟ್ಟಲೆ ಮಲಗಿದ ಮೈ ಒಂದೇ ದಿನದಲ್ಲಿ ಮನೆಯೆಲ್ಲ ತೊಳೆದರೆ ನೋಯದೆ ಏನು ಮಾಡೀತು? ನೋವು ಬಂದಿದೆ ಅಂದರೆ ಏನೋ ಮುರಿದಿದೆ ಅಂತಲ್ಲ. ಇವತ್ತು ಸ್ವಲ್ಪ ಕಡಿಮೆ ಮಾಡಿ, ಆದರೆ ನಿಲ್ಲಿಸಬೇಡಿ. ಚೆನ್ನಾಗಿರುವ ದಿನ ಹೆಚ್ಚು ಹಾರಾಡಬೇಡಿ, ನೋವಿರುವ ದಿನ ಪೂರ್ತಿ ಮಲಗಬೇಡಿ.

ಹೋಗುವಾಗ ಹತ್ತಿಭಾವನಿಗೆ ಒಂದು ಮಾತು ಹೇಳಿದರು. ನಿಮ್ಮ ಹಾಸಿಗೆಗಳು ಒಳ್ಳೆಯವೇ. ಆದರೆ ಬೆನ್ನಿಗೆ ಒಂದು ಸಾಕು. ತೀರಾ ಮೆತ್ತಗೂ ಅಲ್ಲ, ತೀರಾ ಗಟ್ಟಿಯೂ ಅಲ್ಲ.

ಅವರು ಹೋದ ಮೇಲೆ ಅವನು ಹೆಂಡತಿಯನ್ನು ಇಳಿಸಿ ಕುರ್ಚಿಯಲ್ಲಿ ಕೂರಿಸಿದ. ಮೇಲಿನ ಹಾಸಿಗೆಯನ್ನು ಎತ್ತಿ ಹಿತ್ತಲ ಬಿಸಿಲಿಗೆ ಹಾಕಿದ. ಮತ್ತೆ ಹಿಂಜಿ ತುಂಬೋಣ ಎಂದುಕೊಂಡಿದ್ದ.

ಹಾಸಿಗೆ ಮಾಡುವವರಿಗೆ ಒಂದು ವಿದ್ಯೆ ಬರುತ್ತದೆ. ಹಳೆಯ ಹಾಸಿಗೆ ರಿಪೇರಿಗೆ ಬಂದರೆ, ಅದರ ಮೇಲಿನ ಕುಳಿಗಳನ್ನು ನೋಡಿಯೇ ಮಲಗುವವರ ಕಥೆ ಹೇಳಬಲ್ಲರು. ಈ ಕಡೆ ಆ ಕಡೆ ಹೊರಳಾಡುವವರ ಹಾಸಿಗೆಯಲ್ಲಿ ಕುಳಿ ಎಲ್ಲೂ ಆಳವಿರುವುದಿಲ್ಲ. ಗಂಡ ಹೆಂಡತಿ ಮುನಿಸಿಕೊಂಡ ಮನೆಯದಾದರೆ ಎರಡು ಅಂಚಿನಲ್ಲಿ ಎರಡು ಕುಳಿ, ನಡುವೆ ದಿಬ್ಬ. ಈ ಹಾಸಿಗೆಯಲ್ಲಿ ಇದ್ದದ್ದು ಒಂದೇ ಕುಳಿ. ಆಳವಾಗಿ, ಅಚ್ಚು ಒತ್ತಿದ ಹಾಗೆ. ಭುಜ, ಸೊಂಟ, ಹಿಮ್ಮಡಿ. ಸುತ್ತಲಿನ ಅರಳೆ ಯಾರೂ ಮುಟ್ಟದ ಹಾಗೆ ಉಬ್ಬಿಕೊಂಡಿತ್ತು.

ಅವನು ಅರಳೆ ಬಡಿಯುವ ಕೋಲು ಕೆಳಗಿಟ್ಟ. ಕುಳಿಯ ಮೇಲೆ ಕೈಯಾಡಿಸಿದ. ಹತ್ತಿಯಕ್ಕ ಗೋಡೆ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು.

"ನಮ್ಮಮ್ಮನ ಹಾಸಿಗೆ ಹೀಗೇ ಇತ್ತು," ಎಂದ.

ಅವನು ತಾಯಿಯ ವಿಷಯ ಎತ್ತುತ್ತಿದ್ದುದೇ ಕಡಿಮೆ. ಅವರಿಗೂ ಸೊಂಟ ಹಿಡಿದಿತ್ತಂತೆ. ಆಗ ಅವನು ಕೆಲಸ ಕಲಿತ ಹೊಸತು. ತಾನೊಬ್ಬನೇ ಮಾಡಿದ ಮೊದಲ ಹಾಸಿಗೆಯನ್ನು ಅಮ್ಮನಿಗೇ ಕೊಟ್ಟ. ಏಳಬೇಡಮ್ಮ ಎಂದ. ಅವರು ಮಗನ ಮಾತು ಮೀರಲಿಲ್ಲ. ಕಾಲುಗಳು ಕಡ್ಡಿಯಾದವು. ಮತ್ತೆ ಏಳಲೇ ಇಲ್ಲ.

"ಅರಳೆ ಕಡಿಮೆ ಹಾಕಿದೆ ಅಂದ್ಕೊಂಡಿದ್ದೆ ಕಣೇ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ."

ಹತ್ತಿಯಕ್ಕ ಹಾಸಿಗೆಯ ಇನ್ನೊಂದು ಅಂಚಿಗೆ ಹೋಗಿ ನಿಂತಳು. ನಿಲ್ಲುವಾಗ ನೋವಿತ್ತು. ನಿಂತಳು.

ಸಂಜೆ ಅವನು ಮಗಳಿಗೆ ಫೋನು ಮಾಡಿದ. ಹತ್ತಿಯಕ್ಕ ಪಕ್ಕದಲ್ಲೇ ಕೂತಿದ್ದಳು. ಅವನು ಕ್ಷೇಮಸಮಾಚಾರವನ್ನೂ ಕೇಳಲಿಲ್ಲ.

"ಕೂಸುಗಳು ಎಷ್ಟು ತೂಕ ಇವೆ? ಹೆಣ್ಣೆಷ್ಟು, ಗಂಡೆಷ್ಟು, ಬೇರೆ ಬೇರೆ ಹೇಳು."

ಮಗಳು ಗಾಬರಿಯಾಗಿ ಯಾಕಪ್ಪ ಎಂದಳು. ನಿಮ್ಮಮ್ಮನಿಗೆ ಅಭ್ಯಾಸ ಮಾಡಿಸಬೇಕು ಎಂದ. ಲಸಿಕೆಗೆ ಹೋದಾಗಲೆಲ್ಲ ಹೊಸ ತೂಕ ತಿಳಿಸು ಎಂದೂ ಹೇಳಿ ಫೋನಿಟ್ಟ. ಆ ಮನೆಯಲ್ಲಿ ಆಮೇಲೆ ನಡೆದದ್ದನ್ನು ನೋಡಿದ್ದರೆ ನೀವೂ ನಗುತ್ತಿದ್ದಿರಿ.

ಹತ್ತಿಭಾವ ಎರಡು ದಿಂಬು ಹೊಲಿದ. ಅರಳೆ ತೂಗುವ ತಕ್ಕಡಿ ಹೇಗೂ ಇತ್ತು. ಬರೀ ಅರಳೆಯಾದರೆ ತೂಕ ಬಾರದೆಂದು ನಡುವೆ ಹತ್ತಿಬೀಜ ತುಂಬಿದ. ಮೇಡಂ ಬಂದು ನೋಡಿ ಕಣ್ಣರಳಿಸಿದರು. ಮೊದಲೇ ಪೂರ್ತಿ ತೂಕ ಬೇಡ, ಅರ್ಧದಿಂದ ಶುರು ಮಾಡಿ ಎಂದರು. ಎತ್ತುವ ರೀತಿಯನ್ನೂ ತೋರಿಸಿದರು. ಕೂಸಿನ ಹತ್ತಿರಕ್ಕೆ ಹೋಗಿ ನಿಲ್ಲಬೇಕು. ಪಾದ ಅಗಲ ಇಟ್ಟು ಮಂಡಿ ಬಗ್ಗಿಸಬೇಕು. ಕೂಸನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತಾ, ಕಾಲಿನ ಬಲದಿಂದ ಏಳಬೇಕು. ತಿರುಗಬೇಕಾದರೆ ಸೊಂಟ ತಿರುಚಬಾರದು, ಪಾದ ತಿರುಗಿಸಬೇಕು.

ಮೊದಲ ದಿನ ಹತ್ತಿಭಾವ ಹಿಂದೆಯೇ ಎರಡೂ ಕೈ ಚಾಚಿ ನಿಂತಿದ್ದ, ದಿಂಬು ಬಿದ್ದರೆ ಅಳುತ್ತದೆ ಅನ್ನುವ ಹಾಗೆ. ಅವಳು ಮೇಜಿನ ಮೇಲಿಂದ ಎತ್ತಿದಳು, ಇಟ್ಟಳು. ಮರುದಿನ ಮತ್ತೆ. ಕೆಲವು ದಿನ ಕಳೆದ ಮೇಲೆ ಮಂಚದ ಮೇಲಿಂದ. ಅವನು ತಕ್ಕಡಿ ನೋಡಿ ಒಂದೊಂದು ಹಿಡಿ ಬೀಜ ಸೇರಿಸುತ್ತಾ ಹೋದ. ಊರಾಚೆ ಕೂಸುಗಳು ಬೆಳೆದವು, ಇಲ್ಲಿ ದಿಂಬುಗಳು ಬೆಳೆದವು.

ಬೀದಿಗೆ ಇದಕ್ಕಿಂತ ಹಬ್ಬ ಬೇಕೆ? ದಿನಾ ಯಾರಾದರೂ ದಿಂಬು ನೋಡಲು ಬರುತ್ತಿದ್ದರು. ಗಂಡು ದಿಂಬು ಅಜ್ಜನ ಹಾಗೆ ಡೊಳ್ಳು ಎಂದು ಒಬ್ಬರು, ಹೆಣ್ಣು ದಿಂಬಿಗೆ ಮೂಗೇ ಇಲ್ಲವಲ್ಲ ಎಂದು ಇನ್ನೊಬ್ಬರು. ಇಸ್ತ್ರಿಯವನು ನಾನೂ ಎತ್ತುತ್ತೇನೆ ಎಂದು ಸೊಂಟದಿಂದಲೇ ಬಗ್ಗಿದ. ಹತ್ತಿಯಕ್ಕ ಅವನ ಬೆನ್ನಿಗೆ ಒಂದು ಕೊಟ್ಟಳು.

"ಮಂಡಿ ಇರೋದು ಯಾಕೋ, ಬರೀ ಕೆರ್ಕೊಳ್ಳೋಕಾ?"

ಅವನ ಹೆಂಡತಿ ದಿನಾ ಸಂಜೆ ಹತ್ತಿಯಕ್ಕನ ಜೊತೆ ನಡೆಯಲು ಶುರುಮಾಡಿದಳು. ನಡಿಗೆಗಿಂತ ಮಾತು ಜಾಸ್ತಿ ಎಂದು ಗಂಡಂದಿರು ಆಡಿಕೊಂಡರು. ಹತ್ತಿಯಕ್ಕನಿಗೆ ಮಾತ್ರ ಗೊತ್ತಿತ್ತು, ಮಾತಾಡುತ್ತಾ ನಡೆದಾಗ ಸೊಂಟದ ನೆನಪೇ ಬರುವುದಿಲ್ಲವೆಂದು. ರಾತ್ರಿ ಒಂದೇ ಹಾಸಿಗೆಯ ಮೇಲೆ ಮಗ್ಗುಲಾಗಿ, ಮಂಡಿಗಳ ನಡುವೆ ದಿಂಬಿಟ್ಟು ಮಲಗಿದಳು. ನಿದ್ದೆ ಮರಳಿತು. ಬೆಲ್ಟು ಮೊಳೆಯಲ್ಲಿ ನೇತಾಡುತ್ತಿತ್ತು. ಹತ್ತಿಭಾವ ಅದರಿಂದ ಗವಸಿನ ಬಟ್ಟೆಯ ಕಟ್ಟು ಬಿಗಿದಿಟ್ಟ.

ಹೊಲಿಗೆ ಕೆಲಸ ಮಾತ್ರ ಉಳಿದಿತ್ತು. ಹಾಸಿಗೆಯನ್ನು ನೆಲದ ಮೇಲೆ ಹಾಕಿಯೇ ಹೊಲಿಯಬೇಕು, ತಾತ ಮುತ್ತಾತರೂ ಹಾಗೇ ಹೊಲಿದದ್ದು ಎಂದು ಹತ್ತಿಭಾವ ಬಹಳ ದಿನ ಹಟ ಹಿಡಿದ. ಮುತ್ತಾತನ ಸೊಂಟ ಹೇಗಿತ್ತು, ನೋಡಿದ್ದೀರಾ ಎಂದು ಹತ್ತಿಯಕ್ಕ ಕೇಳಿದಳು. ಅವನು ಬಡಗಿಯನ್ನು ಕರೆಸಿದ. ಸೊಂಟದ ಎತ್ತರಕ್ಕೆ ಅಗಲವಾದ ಕಟ್ಟೆಮೇಜು ಬಂತು. ಈಗ ಅವಳು ನಿಂತು ಹೊಲಿಯುತ್ತಾಳೆ, ಬೇಕೆನಿಸಿದಾಗ ಎತ್ತರದ ಸ್ಟೂಲಿನ ಮೇಲೆ ಕೂರುತ್ತಾಳೆ. ಒಂದು ಸಾಲು ಹೊಲಿಗೆ ಮುಗಿದರೆ ಎದ್ದು ಬಾಗಿಲವರೆಗೆ ಹೋಗಿಬರುತ್ತಾಳೆ. ಅರಳೆ ಮೂಟೆಯನ್ನು ಒಬ್ಬರೇ ಎಳೆಯುವುದಿಲ್ಲ. ಎರಡು ಪಾಲು ಮಾಡಿ, ಇಬ್ಬರೂ ಹಿಡಿಯುತ್ತಾರೆ.

ನೋವು ಪೂರ್ತಿ ಹೋಯಿತೇ? ಇಲ್ಲ. ಕೆಲವು ಬೆಳಿಗ್ಗೆ ಈಗಲೂ ತಲೆಹಾಕುತ್ತದೆ. ಆದರೆ ಹತ್ತಿಯಕ್ಕ ಅದಕ್ಕೆ ಮೊದಲಿನ ಹಾಗೆ ಮಣೆ ಹಾಕಿ ಕೂರಿಸುವುದಿಲ್ಲ. ಬಂದೆಯಾ, ಬಾ, ನಡೆಯೋಣ ಎನ್ನುತ್ತಾಳೆ.

ಕೂಸುಗಳು ಬರುವ ದಿನ ಬೆಳಗಿನಿಂದಲೇ ಬೀದಿ ಬಾಗಿಲಿಗೆ ಬಂದು ನಿಂತಿತ್ತು. ಇಸ್ತ್ರಿಯವನು ಪೆಟ್ಟಿಗೆಯ ಕೆಂಡ ಆರಿಸಿ ಬಂದಿದ್ದ. ಕಾರು ತಿರುವಿನಲ್ಲಿ ಕಾಣಿಸಿದ್ದೇ ತಡ, ಹತ್ತಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗಳು ಇಳಿದಳು. ಅಳಿಯ ಎರಡು ಬುಟ್ಟಿಗಳನ್ನು ತಂದು ಒಳಮನೆಯ ಮಂಚದ ಮೇಲಿಟ್ಟ. ಒಂದೊಂದರಲ್ಲೂ ಮುಷ್ಟಿ ಬಿಗಿದು ಮಲಗಿದ ಒಂದೊಂದು ಕೂಸು.

ಮಗಳು ತಾಯಿಯ ಸೊಂಟ ನೋಡಿದಳು, ಮುಖ ನೋಡಿದಳು. ಅಮ್ಮ, ನೀನು ಕೂತ್ಕೋ, ನಾನೇ ಮಡಿಲಿಗೆ ಹಾಕ್ತೀನಿ ಎಂದಳು. ಹತ್ತಿಭಾವನ ಬಾಯಿಗೂ ಅದೇ ಮಾತು ಬಂದಿತ್ತು. ಹೆಂಡತಿಯ ತೋಳು ಹಿಡಿಯಲು ಅವನ ಕೈಯೂ ಮುಂದೆ ಬಂತು. ಅರ್ಧದಲ್ಲಿ ನಿಂತಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

ಹತ್ತಿಯಕ್ಕ ಮಂಚದ ಹತ್ತಿರಕ್ಕೆ ಹೋದಳು. ಪಾದ ಅಗಲ ಇಟ್ಟಳು. ಮಂಡಿ ಬಗ್ಗಿಸಿದಳು. ಕುತ್ತಿಗೆಯ ಕೆಳಗೆ ಒಂದು ಕೈ, ಸೊಂಟದ ಕೆಳಗೊಂದು ಕೈ. ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಎದ್ದಳು. ಮೊಮ್ಮಗಳು ಕಣ್ಣು ಬಿಟ್ಟಳು, ಅಜ್ಜಿಯ ಮುಖ ನೋಡಿದಳು, ಮತ್ತು ಹೊಟ್ಟೆಗೆ ಝಾಡಿಸಿ ಒದ್ದಳು.

"ಅಯ್ಯೋ, ದಿಂಬು ಒದೀತಿರ್ಲಿಲ್ಲ ಕಣ್ರೀ," ಎಂದಳು ಹತ್ತಿಯಕ್ಕ. ನಗುತ್ತಿದ್ದಳು. ಕೆನ್ನೆಯೆಲ್ಲ ಒದ್ದೆಯಾಗಿತ್ತು.

ಇನ್ನೊಂದು ಬುಟ್ಟಿಯಿಂದ ಅಳು ಎದ್ದಿತು. ಹತ್ತಿಭಾವನಿಗೆ ತಡೆಯಲಾಗಲಿಲ್ಲ. ನನ್ನ ರಾಜ, ಬಂದೆ, ಬಂದೆ ಎನ್ನುತ್ತಾ ಓಡಿ ಬಂದು, ಕಾಲು ನೆಟ್ಟಗಿಟ್ಟುಕೊಂಡು, ಬಿಲ್ಲಿನ ಹಾಗೆ ಬಗ್ಗಿದ.

"ರೀ," ಎಂದಳು ಹತ್ತಿಯಕ್ಕ. "ಮಂಡಿ."

ಒಳಗೆ ಇಣುಕುತ್ತಿದ್ದ ಇಡೀ ಬೀದಿಯ ಎದುರಿಗೆ ಹತ್ತಿಭಾವ ಮಂಡಿ ಬಗ್ಗಿಸಿದ. ಮೊಮ್ಮಗನನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತ. ಹೆಂಡತಿಯ ಮುಖ ನೋಡಿ, ಸರಿಯಾಯ್ತಾ ಎಂದು ಕೇಳಿದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೋ ನಿಮ್ಮ ಮನೆಯವರಿಗೋ ಸೊಂಟ ನೋಯುತ್ತಿದ್ದರೆ ಹೆದರಬೇಡಿ. ಹೆಚ್ಚಿನ ಸೊಂಟನೋವು ಮೈ ಆಡಿಸುತ್ತಿದ್ದರೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಕಾಲಿನ ಶಕ್ತಿ ಕುಂದಿದರೆ, ಕೂರುವ ಜಾಗದಲ್ಲಿ ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆಗಿನ ನೋವು, ತೂಕ ಇಳಿಯುವಾಗಿನ ನೋವು, ಇವನ್ನೂ ಬೇಗ ಡಾಕ್ಟರಿಗೆ ತೋರಿಸಿ. ಅಂಗಡಿಯವರು ಕೊಟ್ಟ ಮಾತ್ರೆಯನ್ನು ನೀವೇ ತಿಂಗಳುಗಟ್ಟಲೆ ನುಂಗಬೇಡಿ. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಇದೆಯೇ ಕೇಳಿ. ನಿದ್ದೆ, ಚಿಂತೆ, ಕೂರುವ ರೀತಿ, ಎತ್ತುವ ರೀತಿ, ಎಲ್ಲವನ್ನೂ ಅಲ್ಲಿ ಹೇಳಿಕೊಳ್ಳಿ.

ಮನೆಯಲ್ಲಿ ನೋವಿನವರು ಇದ್ದರೆ ಅವರನ್ನು ಪ್ರೀತಿಯಿಂದ ಮಲಗಿಸಬೇಡಿ. ಪ್ರೀತಿಯಿಂದ ಎಬ್ಬಿಸಿ, ಜೊತೆಗೆ ನಡೆಯಿರಿ.

ಓದಿ ಮುಗಿಯಿತಲ್ಲ. ಬಹಳ ಹೊತ್ತಿನಿಂದ ಕೂತಿದ್ದೀರಿ. ಈಗ ಎದ್ದೇಳಿ.